ಧಾರೆ ಸೀರೆಯ ದುಡ್ಡೂ ನನ್ನ ವಿಂಡೋ ಶಾಪಿಂಗೂ

ಈಗ ಹೇಳುವುದನ್ನು ನೀವು ನಂಬುವುದಿಲ್ಲ. ಅದಕ್ಕೆ ನಾನು ಬೇಸರವನ್ನೂ ಮಾಡಿಕೊಳ್ಳುವುದಿಲ್ಲ. ನಾನು ಹತ್ತು ಮಾತು ಆಡಿದರೆ ನಮ್ಮಜ್ಜಿ ಎರಡನ್ನು ಮಾತ್ರ ನಂಬುತ್ತಾಳೆ: ಒಂದು ಹಸಿವು, ಇನ್ನೊಂದು ನಿದ್ದೆ. ಆದರೆ ಈ ಸಲ ನನ್ನ ಹತ್ತಿರ ಸಾಕ್ಷಿ ಇದೆ. ಅರ್ಧ ತಿಪಟೂರು ನೋಡಿದೆ. ಉಳಿದರ್ಧ ಅವತ್ತು ಮಧ್ಯಾಹ್ನ ಊಟ ಮಾಡಿ ಮಲಗಿತ್ತು, ಇಲ್ಲದಿದ್ದರೆ ಅದೂ ನೋಡಿರುತ್ತಿತ್ತು.

ಮೊದಲು ನನ್ನ ಯೋಗ್ಯತೆ ತಿಳಿಸಿಬಿಡುತ್ತೇನೆ. ಹಾಲ್ಕುರಿಕೆಯಿಂದ ಆಚೆಗಿರುವ ನಮ್ಮೂರಿನಿಂದ ತಿಪಟೂರಿನ ಕಾಲೇಜಿಗೆ ಹೋಗುವವರು ಇಬ್ಬರೇ, ನಾನು ಮತ್ತು ನಂಜ. ನಂಜ ಓದಲು ಹೋಗುತ್ತಾನೆ. ನಾನು ಇಂಗ್ಲಿಷ್ ಮಾತಾಡಲು ಹೋಗುತ್ತೇನೆ. ಬಸ್ಸಿನಲ್ಲಿ ಕಂಡಕ್ಟರಿಗೆ 'ಎಕ್ಸ್‌ಕ್ಯೂಸ್ ಮಿ' ಎಂದು ಚಿಲ್ಲರೆ ಕೇಳಿದ ಮೊದಲ ಮನುಷ್ಯ ನಮ್ಮ ಹೋಬಳಿಯಲ್ಲಿ ನಾನೇ. ಅವನು ಇನ್ನೂ ಕೊಟ್ಟಿಲ್ಲ.

ಆ ವಾರ ನಮ್ಮ ಇಂಗ್ಲಿಷ್ ಮೇಷ್ಟ್ರು ಅಂಗಡಿ, ಖರೀದಿ, ಖರ್ಚು ಇವುಗಳ ಬಗ್ಗೆ ಇಂಗ್ಲಿಷಿನವರು ಆಡುವ ನುಡಿಗಟ್ಟುಗಳನ್ನು ಬೋರ್ಡಿನ ತುಂಬ ಬರೆದಿದ್ದರು. ಕ್ಲಾಸಿನವರೆಲ್ಲ ಬರೆದುಕೊಂಡರು. ನಾನು ನುಂಗಿಕೊಂಡೆ. ನುಂಗಿದ್ದನ್ನು ಅವತ್ತೇ ಸಂಜೆ ಮನೆಯಲ್ಲಿ ಕಾರತೊಡಗಿದೆ.

ಅಜ್ಜಿ ಸೀಮೆಎಣ್ಣೆ ದುಬಾರಿಯಾಯಿತೆಂದು ಗೊಣಗುತ್ತಿದ್ದಳು. ಇಂಗ್ಲೆಂಡಿನಲ್ಲಿ ಬೆಲೆ ಹೆಚ್ಚಾದರೆ 'ಒಂದು ಕೈ, ಒಂದು ಕಾಲು ಕೊಟ್ಟು ತಂದೆ' ಅನ್ನುತ್ತಾರೆ ಎಂದು ನಾನು ತಿಳಿವಳಿಕೆ ನೀಡಿದೆ. ಅಜ್ಜಿ ಗೊಣಗುವುದನ್ನು ಬಿಟ್ಟು ನನ್ನ ಕಡೆ ತಿರುಗಿದಳು.

"ಕಾಲು ಕೊಟ್ಟುಬುಟ್ಟು ಮನೆಗೆ ಹೆಂಗ್ಲಾ ಬತ್ತಾರೆ?"

ಅಪ್ಪನ ಕಡೆ ತಿರುಗಿದೆ. ದುಂದುಗಾರರನ್ನು ಇಂಗ್ಲಿಷಿನಲ್ಲಿ 'ದುಡ್ಡನ್ನು ನೀರಿನ ಹಾಗೆ ಖರ್ಚು ಮಾಡುವವರು' ಎನ್ನುತ್ತಾರೆ ಎಂದೆ. ಅಪ್ಪನಿಗೆ ಮೊದಲ ಸಲ ಇಂಗ್ಲಿಷಿನವರ ಮೇಲೆ ಗೌರವ ಬಂತು. ನಮ್ಮ ತೋಟದ ಬಾವಿಯಲ್ಲಿ ಬೇಸಿಗೆಗೆ ನೀರು ತಳ ಕಂಡಿರುತ್ತದೆ. ಒಂದೊಂದು ತೆಂಗಿನ ಬುಡಕ್ಕೂ ಅಪ್ಪ ಮಗುವಿಗೆ ಔಷಧಿ ಕುಡಿಸಿದ ಹಾಗೆ ನೀರು ಬಿಡುತ್ತಾರೆ. "ಹಂಗೇ ಖರ್ಚು ಮಾಡ್ಬೇಕು. ಒಳ್ಳೆ ಜನ" ಎಂದು ಹೇಳಿ ಎದ್ದು ಹೋದರು. ನಾನು ತಿದ್ದಲು ಹೋಗಲಿಲ್ಲ. ನಮ್ಮಪ್ಪನನ್ನು ತಿದ್ದುವ ನುಡಿಗಟ್ಟು ಯಾವ ಭಾಷೆಯಲ್ಲೂ ಇಲ್ಲ.

ಇರಲಿ, ಸೀರೆಗೆ ಬರುತ್ತೇನೆ.

ನಮ್ಮ ಗಿರಿಜಕ್ಕನಿಗೆ ತುರುವೇಕೆರೆ ಕಡೆಯ ಗಂಡು ಗೊತ್ತಾಗಿತ್ತು. ಧಾರೆ ಸೀರೆ ನಮ್ಮ ಕಡೆಯದು ಎಂದು ಮಾತಾಗಿತ್ತು. ಗಂಡಿನ ಸೋದರತ್ತೆ ಒಬ್ಬರಿದ್ದರು. ಹುಡುಗಿ ನೋಡಲು ಬಂದಾಗ ಹುಡುಗಿಗಿಂತ ಹೆಚ್ಚು ಹೊತ್ತು ನಮ್ಮ ಬಾಗಿಲ ಪರದೆಯ ಬಟ್ಟೆಯನ್ನು ಉಜ್ಜಿ ಉಜ್ಜಿ ನೋಡಿದ್ದರು. ಆಯಮ್ಮ ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ಸೀರೆ ನೋಡಲು ಬರುತ್ತೇನೆಂದು ಹೇಳಿ ಕಳಿಸಿದ್ದರು. ಸೀರೆಯನ್ನು ಅಮ್ಮನೂ ಅಕ್ಕನೂ ಹಿಂದಿನ ವಾರವೇ ತಿಪಟೂರಿನಲ್ಲಿ ಆರಿಸಿ ಮುಂಗಡ ಕೊಟ್ಟು ಬಂದಿದ್ದರು. ಅರಿಶಿನ ಬಣ್ಣ, ಕುಂಕುಮದ ಅಂಚು. ಬಾಕಿ ದುಡ್ಡು ಕೊಟ್ಟು ಅದನ್ನು ಮನೆಗೆ ತರಬೇಕು. ಅಷ್ಟೇ ಕೆಲಸ. ಒಂದು ಕರುವಿನ ಕೊರಳಿಗೆ ಚೀಟಿ ಕಟ್ಟಿ ಕಳಿಸಿದ್ದರೂ ಆಗುತ್ತಿತ್ತು.

ಆಯಮ್ಮ ಬರುವ ಹಿಂದಿನ ದಿನವೇ ಅಪ್ಪ ಕೊಬ್ಬರಿ ಮಾರಲು ತಿಪಟೂರಿನ ಮಂಡಿಗೆ ಹೊರಟಿದ್ದರು. ಮಂಡಿ ಕೆಲಸ ಯಾವಾಗ ಮುಗಿಯುತ್ತದೋ ಹೇಳಲಾಗುವುದಿಲ್ಲ. ಆದ್ದರಿಂದ ಸೀರೆಯ ಜವಾಬ್ದಾರಿ ನನಗೆ ಬಂತು. ಅಪ್ಪ ನೂರರ ಮೂರು ನೋಟು ಕೊಟ್ಟರು. ಮೇಲೆ ಹತ್ತು ರೂಪಾಯಿ ಕೈಖರ್ಚಿಗೆ. "ಐದು ಗಂಟೆ ಬಸ್ಸಿಗೆ ಬಸ್ ಸ್ಟ್ಯಾಂಡಲ್ಲಿರು. ಸೀರೆ ಕೈಲಿರ್ಲಿ" ಎಂದರು. ಅಮ್ಮ ಆ ಮೂರು ನೋಟನ್ನು ನನ್ನ ಅಂಗಿಯ ಒಳಜೇಬಿಗಿಟ್ಟು ಪಿನ್ನು ಹಾಕಿದಳು. ಸೀರೆ ಬರದಿದ್ದರೆ ಬೀಗಿತ್ತಿಯರ ಮುಂದೆ ತಾನು ಬಾವಿ ನೋಡಿಕೊಳ್ಳಬೇಕಾಗುತ್ತದೆ ಎಂದು ಎಚ್ಚರಿಸಿದಳು. ಗಿರಿಜಕ್ಕ ನಾನು ಬಾಗಿಲು ದಾಟುವಾಗ ಹಿಂದಿನಿಂದ ಬಂದು ಮೆಲ್ಲಗೆ, "ಮಡಿಕೆ ಮುರೀದಂಗೆ ತಗೊಂಬಾರಪ್ಪ" ಎಂದಳು.

'ಅಕ್ಕಾ, ಕನ್ಸಿಡರ್ ಇಟ್ ಡನ್' ಎಂದೆ. ಎಷ್ಟು ಧೈರ್ಯ ನೋಡಿ!

ಬೆಳಿಗ್ಗೆ ಹನ್ನೊಂದಕ್ಕೆ ನಾನೂ ನಂಜನೂ ಸೀರೆ ಅಂಗಡಿಯಲ್ಲಿದ್ದೆವು. ಅಂಗಡಿಯ ಶೆಟ್ಟರು ಮೂಗಿನ ತುದಿಗೆ ಕನ್ನಡಕ ಇಟ್ಟುಕೊಂಡ ನಿಧಾನದ ಮನುಷ್ಯ. ಸೀರೆಯ ಸೆರಗಿಗೆ ಕುಚ್ಚು ಕಟ್ಟಲು ಕೊಟ್ಟಿದ್ದೇವೆ, ಮೂರು ಗಂಟೆ ಮೇಲೆ ಬಾರಪ್ಪ, ದುಡ್ಡು ಆಗಲೇ ಕೊಡುವಿಯಂತೆ ಎಂದರು. ಅವರು ಆ ಕ್ಷಣದಲ್ಲಿ ದುಡ್ಡು ತೆಗೆದುಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಒಳ್ಳೆಯತನಕ್ಕೂ ಒಂದು ಮಿತಿ ಬೇಕು.

ಹೀಗೆ ನಾಲ್ಕು ಗಂಟೆ ಕಾಲ, ಮುನ್ನೂರು ರೂಪಾಯಿ, ಮತ್ತು ನಾನು, ಮೂವರೂ ತಿಪಟೂರಿನ ಬೀದಿಯಲ್ಲಿ ಬಿದ್ದೆವು. ಜೇಬಿನಲ್ಲಿ ದುಡ್ಡಿದ್ದು ಖರ್ಚು ಮಾಡದೆ ಇರಲಾರದವನಿಗೆ ಇಂಗ್ಲಿಷಿನಲ್ಲಿ 'ದುಡ್ಡು ಜೇಬನ್ನು ಸುಟ್ಟು ತೂತು ಮಾಡುತ್ತದೆ' ಎನ್ನುತ್ತಾರೆ ಎಂದು ನಂಜನಿಗೆ ಹೇಳಿದೆ. ನಂಜ ಗಾಬರಿಯಿಂದ ನನ್ನ ಜೇಬು ಮುಟ್ಟಿ ನೋಡಿದ. ಅಮ್ಮನ ಪಿನ್ನು ಅವನ ಬೆರಳಿಗೆ ಚುಚ್ಚಿತು.

ಅವನ ನೋವು ಮರೆಸಲು ನನ್ನ ಕಡೆಯ ಅತ್ಯಂತ ಬೆಲೆಬಾಳುವ ನುಡಿಗಟ್ಟನ್ನು ಹೊರತೆಗೆದೆ. ವಿಂಡೋ ಶಾಪಿಂಗ್! ಲಂಡನ್ನಿನಲ್ಲಿ ದೊಡ್ಡ ಮನುಷ್ಯರು ಅಂಗಡಿ ಅಂಗಡಿಯ ಗಾಜಿನ ಮುಂದೆ ನಿಲ್ಲುತ್ತಾರೆ, ಸಾಮಾನು ನೋಡುತ್ತಾರೆ, ಬೆಲೆ ವಿಚಾರಿಸುತ್ತಾರೆ, ಏನೂ ಕೊಳ್ಳದೆ ಮುಂದಕ್ಕೆ ಹೋಗುತ್ತಾರೆ. ಯಾರೂ ಏನೂ ಅನ್ನುವುದಿಲ್ಲ. ಒಂದು ಪೈಸೆ ಖರ್ಚಿಲ್ಲ. ಇವತ್ತು ತಿಪಟೂರಿನಲ್ಲಿ ಪ್ರಥಮ ಬಾರಿಗೆ ನಾನು ಅದನ್ನು ಮಾಡಿ ತೋರಿಸುತ್ತೇನೆ ಎಂದು ಘೋಷಿಸಿದೆ.

ತಿಪಟೂರಿನ ಅಂಗಡಿಗಳಿಗೆ ಗಾಜು ಇಲ್ಲ ಎಂಬ ವಿಷಯ ನನಗೆ ಪಾತ್ರೆ ಅಂಗಡಿಯ ಮುಂದೆ ನಿಂತ ಮೇಲೆ ಹೊಳೆಯಿತು. ಹಲಗೆ ಬಾಗಿಲು ತೆಗೆದರೆ ಅಂಗಡಿ ಪೂರ್ತಿ ಬೀದಿಗೆ ತೆರೆದಿರುತ್ತದೆ. ಒಳಗೆ ಮೆತ್ತೆಯ ಮೇಲೆ ಕೂತ ಯಜಮಾನರಿಗೆ ನಾವು, ನಮಗೆ ಯಜಮಾನರು, ಮುಖಕ್ಕೆ ಮುಖ. ನಾನು ಲಂಡನ್ನಿನವರ ಹಾಗೆ ಕೈ ಹಿಂದಕ್ಕೆ ಕಟ್ಟಿ, ಕತ್ತು ಓರೆ ಮಾಡಿ ನಿಂತದ್ದೇ ತಡ, ಬಿಸಿಲಲ್ಲಿ ಯಾಕೆ ನಿಂತ್ರಿ ಎಂದು ಅವರೇ ಎದ್ದು ಬಂದು ಒಳಗೆ ಕೂರಿಸಿದರು. ಯಾವ ಊರು, ಯಾರ ಮಕ್ಕಳು, ಮದುವೆ ಯಾರದು ಎಂದು ವಿಚಾರಿಸಿದರು. ಕಾಫಿಗೆ ಹೇಳಿದರು. ಸುಮ್ಮನೆ ನೋಡಲು ಬಂದೆವು ಎಂದರೆ, ನೋಡಿ ನೋಡಿ, ನೋಡೋಕೇ ಇಟ್ಟಿರೋದು ಎಂದು ಏಣಿ ಹಾಕಿಸಿ ಅಟ್ಟದಿಂದ ಕೊಳಗ, ಕೊಪ್ಪರಿಗೆ, ತಪ್ಪಲೆ ಎಲ್ಲ ಇಳಿಸಿಬಿಟ್ಟರು. ಸುತ್ತಲೂ ಪಾತ್ರೆ ಬೆಳೆದು ನಾವಿಬ್ಬರೂ ಕಾಣದ ಹಾಗಾದೆವು.

ಕಾಫಿ ಕುಡಿದು, ಇಷ್ಟು ಪಾತ್ರೆ ಇಳಿಸಿದವರಿಗೆ ಬೆನ್ನು ತೋರಿಸಿ ಎದ್ದು ಬರುವುದು ಹೇಗೆ? ಲಂಡನ್ನಿನವರು ಅದಕ್ಕೇ ಗಾಜು ಹಾಕಿಸಿಕೊಂಡಿರಬೇಕು. ಕೊನೆಗೆ ಕೈಖರ್ಚಿನ ಹತ್ತು ರೂಪಾಯಿ ಕೊಟ್ಟು ಒಂದು ಸ್ಟೀಲ್ ಲೋಟ ಕೊಂಡು ಈಚೆಗೆ ಬಂದೆ.

"ನಿನ್ನ ವಿಂಡೋಗೆ ಹತ್ತು ರೂಪಾಯಿ ಆಯ್ತು ಕಣ್ಲಾ" ಎಂದ ನಂಜ.

ಬುದ್ಧಿವಂತನಾದವನು ಅಲ್ಲಿಗೆ ಕೈ ತೊಳೆದುಕೊಂಡು ಕಾಲೇಜಿನ ಮರದ ಕೆಳಗೆ ಹೋಗಿ ಮಲಗುತ್ತಿದ್ದ. ನಾನು ಬುದ್ಧಿವಂತನಲ್ಲ, ವಿದ್ಯಾವಂತ. ಕಾರಣ ಹುಡುಕಿದೆ. ತಪ್ಪು ವಿಂಡೋ ಶಾಪಿಂಗಿನದಲ್ಲ, ಕಾಫಿಯದು. ಕಾಫಿ ಕೊಡದ, ಮೆತ್ತೆ ಹಾಕದ, ಏಣಿ ಇಲ್ಲದ ಕಡೆ ಮಾಡಬೇಕು. ಅಂಥ ಜಾಗ ಯಾವುದು? ದನಗಳ ಸಂತೆ! ಅವತ್ತು ಸಂತೆಯ ದಿನವೇ ಆಗಿತ್ತು.

ದನದ ವ್ಯಾಪಾರ ಗೊತ್ತಿಲ್ಲದವರಿಗೆ ಎರಡು ಮಾತು. ಅಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ದಲ್ಲಾಳಿ ತನ್ನ ಟವೆಲ್ಲನ್ನು ಕೈಮೇಲೆ ಹೊದಿಸುತ್ತಾನೆ. ಕೊಳ್ಳುವವನು ಅದರೊಳಗೆ ಕೈ ಇಡುತ್ತಾನೆ. ಆಮೇಲೆ ಬೆರಳಲ್ಲೇ ಮಾತು. ಒಂದು ಬೆರಳು ಹಿಡಿದರೆ ನೂರು, ಎರಡು ಹಿಡಿದರೆ ಇನ್ನೂರು. ಮೇಲೆ ನಿಂತವರಿಗೆ ಟವೆಲ್ಲು ಅಲುಗಾಡುವುದು ಮಾತ್ರ ಕಾಣುತ್ತದೆ. ಒಪ್ಪದಿದ್ದರೆ ಕೈ ಕೊಡವಿಬಿಡುತ್ತಾರೆ. ಒಪ್ಪಿದರೆ ಕೈಮೇಲೆ ಕೈ ತಟ್ಟಿ ಹಗ್ಗ ಕೊಡುತ್ತಾರೆ. ಹಗ್ಗ ಕೈಗೆ ಬಂತೋ, ಮುಗಿಯಿತು. ಅದರಿಂದ ಹಿಂದೆ ಸರಿದವನ ಮಾತು ಮುಂದಿನ ಸಂತೆಗಳಲ್ಲೆಲ್ಲ ನಡೆಯುತ್ತದೆ, ಅವನ ಅಪ್ಪನ ಹೆಸರು ಹಿಡಿದು.

ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಒಂದು ಉಪಾಯ ಮಾಡಿದೆ. ಯಾವ ದನಕ್ಕೇ ಆಗಲಿ, ಕೇಳಿದವನಿಗೆ ಸಿಟ್ಟು ನೆತ್ತಿಗೇರುವಷ್ಟು ಕಡಿಮೆ ಬೆಲೆ ಹೇಳುವುದು. ಅವನು ಕೈ ಕೊಡವಿ ಬೈಯುವುದು. ನಾವು ಮುಂದಿನ ಗೂಟಕ್ಕೆ ಹೋಗುವುದು. ಬೈಗುಳಕ್ಕೆ ದುಡ್ಡು ಕೊಡಬೇಕಾಗಿಲ್ಲವಲ್ಲ!

ಉಪಾಯ ಅದ್ಭುತವಾಗಿ ಕೆಲಸ ಮಾಡಿತು. ಒಂದು ಜೊತೆ ಎತ್ತಿಗೆ ಎರಡು ಬೆರಳು ಹಿಡಿದೆ. ದಲ್ಲಾಳಿ ನನ್ನ ಕೈಯನ್ನು ಹಾವು ಕಂಡವನ ಹಾಗೆ ಆಚೆಗೆ ಎಸೆದ. ಒಂದು ಹಾಲು ಕರೆಯುವ ಹಸುವಿಗೆ ಒಂದೇ ಬೆರಳು ಹಿಡಿದೆ. ಆ ದಲ್ಲಾಳಿ ನಮ್ಮ ವಂಶದ ಮೂರು ತಲೆಮಾರನ್ನು ನೆನೆಸಿಕೊಂಡ. ನಾನು 'ಡೇಲೈಟ್ ರಾಬರಿ' ಎಂದು ತಲೆಯಾಡಿಸುತ್ತ ಮುಂದೆ ನಡೆದೆ. ಹಾಡಹಗಲ ದರೋಡೆ ಎಂದು ನಂಜನಿಗೆ ಅರ್ಥವನ್ನೂ ಬಿಡಿಸಿದೆ. ಯಾರದು ದರೋಡೆ, ನಿಂದಾ ಅವರದಾ ಎಂದು ಅವನು ಕೇಳಿದ. ಅವನಿಗೆ ಇಂಗ್ಲಿಷ್ ಬರುವುದಿಲ್ಲ, ಬಿಡಿ.

ಮೂರನೆಯದು ಎಮ್ಮೆ.

ಎಣ್ಣೆ ಸವರಿದ ಮೈ ಕನ್ನಡಿಯಂತಿತ್ತು. ಕೊಂಬು ಸುರುಳಿ ಸುತ್ತಿ ಕಿವಿಯ ಹಿಂದಕ್ಕೆ ಹೋಗಿತ್ತು. ಸಾಲಿನ ಎಮ್ಮೆಗಳೆಲ್ಲ ನಿಂತಿದ್ದರೆ ಇದೊಂದು ಮಾತ್ರ ಕೂತಿತ್ತು. ಅದನ್ನು ನಾನು ಗಾಂಭೀರ್ಯ ಎಂದುಕೊಂಡೆ. ಸಾವಿರಕ್ಕೆ ಒಂದು ರೂಪಾಯಿ ಕಡಿಮೆ ಇರಲಾರದು. ಪಕ್ಕದಲ್ಲಿ ಕೆಂಪು ರುಮಾಲಿನ ಒಬ್ಬ ಮುದುಕ, ಅದರ ಒಡೆಯ, ಬೀಡಿ ಸೇದುತ್ತಿದ್ದ. ಹಸಿರು ಟವೆಲ್ಲಿನ ದಲ್ಲಾಳಿ ನನ್ನನ್ನು ನೋಡಿ ನಕ್ಕು ಯಾರ ಮಗನಪ್ಪ ಎಂದ. ನಾನು ಎದೆಯುಬ್ಬಿಸಿ, ಹಾಲ್ಕುರಿಕೆ ಆಚೆಯ ತೋಟದ ಮಲ್ಲಪ್ಪನವರ ಮಗ ಎಂದೆ. ಆ ಪ್ರಶ್ನೆಗೆ ಇಂಗ್ಲಿಷಿನಲ್ಲಿ ಉತ್ತರ ಹೇಳಿದ್ದರೆ ಬದುಕುತ್ತಿದ್ದೆ.

ಟವೆಲ್ಲು ಹೊದಿಸಿದ. ಒಳಗೆ ಕೈ ಇಟ್ಟೆ. ಅವನು ನನ್ನ ಐದು ಬೆರಳು ಹಿಡಿದ, ಬಿಟ್ಟು ಮತ್ತೆ ನಾಲ್ಕು ಹಿಡಿದ. ಒಂಬೈನೂರು. ನಾನು ತುಟಿ ಕೊಂಕಿಸಿ, ಆಕಾಶ ನೋಡಿ, ಅವನ ಮೂರು ಬೆರಳು ಹಿಡಿದೆ. ಹಿಡಿದು ಕಣ್ಣು ಮುಚ್ಚಿ ಬೈಗುಳಕ್ಕೆ ಕಾದೆ.

ಬೈಗುಳ ಬರಲಿಲ್ಲ.

ಕಣ್ಣು ಬಿಟ್ಟೆ. ದಲ್ಲಾಳಿ ಮುದುಕನ ಕಡೆ ಹೋಗಿ ಅವನ ಕೈಗೂ ಟವೆಲ್ಲು ಹೊದಿಸಿದ್ದ. ಮುದುಕ ಬೀಡಿ ಬಿಸಾಕಿ ದಲ್ಲಾಳಿಯನ್ನು ನೋಡಿದ. ಆಮೇಲೆ ಎಮ್ಮೆಯನ್ನು ನೋಡಿದ. ಎಮ್ಮೆ ನನ್ನನ್ನು ನೋಡಿತು. ದಲ್ಲಾಳಿ ವಾಪಸ್ಸು ಬಂದು, ಇನ್ನೂ ಗಾಳಿಯಲ್ಲೇ ಇದ್ದ ನನ್ನ ಕೈಮೇಲೆ ಚಟ್ಟನೆ ತಟ್ಟಿ, ಹಗ್ಗ ಇಟ್ಟುಬಿಟ್ಟ.

"ಹಿಡಿಯಪ್ಪ. ಒಳ್ಳೇದಾಗ್ಲಿ."

ನಾನು ಸುಮ್ನೆ ಕೇಳಿದ್ದು ಎಂದೆ. ಅದು ಅವನ ಕಿವಿಗೆ ಬಿದ್ದಂತೆ ಕಾಣಲಿಲ್ಲ. ನಮ್ಮ ಸುತ್ತ ಆಗಲೇ ಏಳೆಂಟು ಜನ ಸೇರಿದ್ದರು.

"ಸುಮ್ನೆ ಯಾರಪ್ಪ ಟವಲ್ ಒಳಕ್ಕೆ ಕೈ ಇಕ್ತಾರೆ?"

ಲಂಡನ್ನಿನಲ್ಲಿ ಇಕ್ಕುತ್ತಾರೆ ಎಂದು ಹೇಳಬೇಕೆನಿಸಿತು. ದಲ್ಲಾಳಿ ದನಿ ತಗ್ಗಿಸಿ, ತಂದೆಯಂತೆ ನನ್ನ ಭುಜದ ಮೇಲೆ ಕೈ ಇಟ್ಟ.

"ಮಲ್ಲಪ್ನೋರ ಮಗ ಹಗ್ಗ ವಾಪಸ್ ಕೊಟ್ಟ ಅಂತ ಆಗೋದು ಬ್ಯಾಡ. ಅವರು ಮಂಡೀಲೇ ಅವ್ರೆ, ಈಗ್ತಾನೆ ನೋಡ್ದೆ. ಬೇಕಾದ್ರೆ ಕರೆಸಾನಾ?"

ಅಮ್ಮ ಹಾಕಿದ ಪಿನ್ನು ಎಷ್ಟು ಬೇಗ ಬಿಚ್ಚಿತು ಎಂದು ನನಗೇ ಗೊತ್ತಾಗಲಿಲ್ಲ. ಮೂರು ನೋಟು ಮುದುಕನ ಕೈ ಸೇರಿದವು. ಮುದುಕ ಎಮ್ಮೆಯ ಬೆನ್ನು ಒಮ್ಮೆ ಸವರಿ ಹೊರಟುಹೋದ. ಓಡಿದ ಎನ್ನಲಾರೆ. ಆದರೆ ಅಷ್ಟು ಜೋರಾಗಿ ನಡೆಯುವ ವಯಸ್ಸಲ್ಲ ಅವನದು. ದಲ್ಲಾಳಿ ಇನ್ನೂ ನಿಂತಿದ್ದ. ದಲ್ಲಾಳಿತನದ ಹತ್ತು ರೂಪಾಯಿ ಆಗಬೇಕಂತೆ. ಜೇಬಿನಲ್ಲಿ ಏನೂ ಇರಲಿಲ್ಲ. ಅವನ ಕಣ್ಣು ನನ್ನ ಕೈಯಲ್ಲಿದ್ದ ಹೊಸ ಲೋಟದ ಮೇಲೆ ಬಿತ್ತು. ಅದನ್ನು ಬಿಸಿಲಿಗೆ ಹಿಡಿದು, ಉಗುರಲ್ಲಿ ತಟ್ಟಿ ನೋಡಿ, ಆಯ್ತು ಬುಡು ಎಂದು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದ.

ಮಧ್ಯಾಹ್ನ ಒಂದು ಗಂಟೆಗೆ ನಾನು ಎಮ್ಮೆಯ ಮಾಲೀಕ. ಬೆವರಿನಲ್ಲಿ ಅಂಗಿ ತೊಪ್ಪೆಯಾಗಿತ್ತು. ಕಣ್ಣ ಮುಂದೆ ನಾಳೆ ಬೆಳಗಿನ ದೃಶ್ಯ ಬಂತು. ತುರುವೇಕೆರೆಯ ಸೋದರತ್ತೆ ಚಾಪೆಯ ಮೇಲೆ ಕೂತಿದ್ದಾರೆ. ಎಲ್ಲಿ ಸೀರೆ ಎನ್ನುತ್ತಾರೆ. ಅಮ್ಮ ತಲೆ ತಗ್ಗಿಸುತ್ತಾಳೆ. ಗಿರಿಜಕ್ಕ ಒಳಮನೆಯಲ್ಲಿ ಗೋಡೆಗೆ ಮುಖ ಮಾಡಿದ್ದಾಳೆ. ಆಯಮ್ಮ ಎಮ್ಮೆಯ ಚರ್ಮವನ್ನು ಎರಡು ಬೆರಳಲ್ಲಿ ಉಜ್ಜಿ ನೋಡುತ್ತಾರೆ.

ಮಾರಿಬಿಡೋಣ ಎಂದೆ ನಂಜನಿಗೆ. ಸಾವಿರದ ಎಮ್ಮೆ ಮುನ್ನೂರಕ್ಕೆ ಬಂದಿದೆ, ಆರುನೂರಕ್ಕೆ ಕೊಟ್ಟರೂ ಸೀರೆಯೂ ಬರುತ್ತದೆ, ಲಾಭವೂ ಬರುತ್ತದೆ. ಆ ಒಂದು ನಿಮಿಷ ನಾನು ಮತ್ತೆ ನಾನೇ ಆದೆ. ಹಗ್ಗ ಜಗ್ಗಿದೆ. ಎಮ್ಮೆ ಏಳಲಿಲ್ಲ. ನಂಜ ಹಿಂದಿನಿಂದ ತಳ್ಳಿದ. ಏಳಲಿಲ್ಲ. ಪಕ್ಕದ ಗೂಟದವರು ಇಬ್ಬರು ಬಂದು ಬಾಲ ತಿರುವಿದ ಮೇಲೆ ಎದ್ದಿತು. ಎದ್ದು ನಾಲ್ಕು ಹೆಜ್ಜೆ ಹಾಕಿ ಮತ್ತೆ ಕೂತಿತು.

"ಓ, ಇದು ಹೋಯ್ತಾ ಕೊನೆಗೂ? ಕೂರೋ ಎಮ್ಮೆ" ಎಂದು ದಾರಿಯಲ್ಲಿ ಹೋಗುತ್ತಿದ್ದವನೊಬ್ಬ ಇನ್ನೊಬ್ಬನಿಗೆ ಹೇಳಿದ.

ಆಗ ತಿಳಿಯಿತು. ಇಡೀ ಸಂತೆಗೆ ಅದು ಗೊತ್ತಿದ್ದ ವಿಷಯ. ಎಷ್ಟೋ ಸಂತೆಗಳಿಂದ ಮುದುಕ ಅದನ್ನು ಕರೆತರುತ್ತಿದ್ದನಂತೆ, ಯಾರೂ ಮುಟ್ಟುತ್ತಿರಲಿಲ್ಲವಂತೆ. ಗಟ್ಟಿಯಾದ ಎಮ್ಮೆಯೇ, ಕಾಯಿಲೆ ಕಸಾಲೆ ಏನಿಲ್ಲ, ಆದರೆ ಮನಸ್ಸಾದ ಕಡೆ ಕೂತುಬಿಡುತ್ತದೆ. ಮೇಯಲು ಹೊಡೆದರೆ ದಾರಿಯಲ್ಲೇ ಕೂರುತ್ತದೆ. ಸಾಕುವುದಕ್ಕೂ ಆಗದ, ಬಿಡುವುದಕ್ಕೂ ಆಗದ ಆಸ್ತಿಗೆ ಇಂಗ್ಲಿಷಿನಲ್ಲಿ 'ವೈಟ್ ಎಲಿಫೆಂಟ್' ಎನ್ನುತ್ತಾರೆ, ಬಿಳಿ ಆನೆ. ನನ್ನದು ಕಪ್ಪು ಬಣ್ಣದ ಬಿಳಿ ಆನೆ.

ಆರುನೂರು ಎಂದು ಶುರು ಮಾಡಿದವನು ಅರ್ಧ ಗಂಟೆಯಲ್ಲಿ ಮುನ್ನೂರಕ್ಕೆ ಇಳಿದೆ. 'ಫಾರ್ ಎ ಸಾಂಗ್' ಎಂದೂ ಕೂಗಿದೆ. ಒಂದು ಹಾಡು ಹೇಳಿದರೆ ಕೊಟ್ಟುಬಿಡುವಷ್ಟು ಅಗ್ಗ ಎಂದು ಅರ್ಥ. ಒಬ್ಬ ಮುದುಕಪ್ಪ ನಿಂತು ಕೇಳಿ, ಎಮ್ಮೆಗೆ ಹಾಡು ಬರುತ್ತದಾ ಎಂದು ವಿಚಾರಿಸಿ ಹೋದ. ಬೇರೆ ಯಾರೂ ನಿಲ್ಲಲಿಲ್ಲ. ನಂಜನ ಹೆಗಲಿನ ಟವೆಲ್ಲು ತೆಗೆದು ಕೈಮೇಲೆ ಹೊದಿಸಿಕೊಂಡರೂ ಅದರೊಳಕ್ಕೆ ಒಬ್ಬನೂ ಕೈ ಇಡಲಿಲ್ಲ. ನೋಡಿದರು, ನಕ್ಕರು, ಮುಂದೆ ಹೋದರು. ವಿಂಡೋ ಶಾಪಿಂಗ್ ಮಾಡಿಸಿಕೊಳ್ಳುವವನ ಸಂಕಟ ಆಗ ಅರ್ಥವಾಯಿತು!

ನಂಜನದು ಒಂದೇ ಮಾತು, ಅಪ್ಪನಿಗೆ ಹೇಳಿಬಿಡು. ಅವನಿಗೇನು ಹೋಗಬೇಕು? ಬೇರೆಯವರ ಅಪ್ಪನಿಗೆ ಹೇಳುವುದು ಬಹಳ ಸುಲಭ. ನಾನು ಬೇರೆ ದಾರಿ ಕಂಡುಕೊಂಡೆ. ಶೆಟ್ಟರು ಒಳ್ಳೆಯವರು. ಕಾಲು ಹಿಡಿದಾದರೂ ಸೀರೆಯನ್ನು ಕಡ ತರುವುದು. ಐದು ಗಂಟೆಗೆ ಸೀರೆ ಅಪ್ಪನ ಕಣ್ಣಿಗೆ ಬಿದ್ದರೆ ಎಮ್ಮೆಯ ವಿಷಯವನ್ನು ಮದುವೆಯಾದ ಮೇಲೆ ಹೇಳಬಹುದು. ಮೊದಲ ಮೊಮ್ಮಗು ಹುಟ್ಟಿದ ಮೇಲೆ ಹೇಳಿದರೆ ಇನ್ನೂ ವಾಸಿ.

ಎಮ್ಮೆಯನ್ನು ಬಿಟ್ಟು ಹೋಗುವಂತಿಲ್ಲ, ನಮ್ಮದು ಎಂದರೆ ನಮ್ಮದೇ. ಎಳೆದುಕೊಂಡು ಹೊರಟೆವು. ಸಂತೆಯಿಂದ ಸೀರೆ ಅಂಗಡಿಗೆ ಇರುವುದು ಒಂದೇ ದಾರಿ. ಆ ದಾರಿ ಕೊಬ್ಬರಿ ಮಂಡಿಯ ಗೇಟಿನ ಮುಂದೆ ಹೋಗುತ್ತದೆ. ಗೇಟು ಹತ್ತಿರ ಬಂದ ಹಾಗೆಲ್ಲ ನಾನು ನನ್ನ ಮನೆದೇವರಿಗೂ ನಂಜನ ಮನೆದೇವರಿಗೂ ಹರಕೆ ಹೊತ್ತೆ. ಎಲ್ಲಿ ಬೇಕಾದರೂ ಕೂರಲಿ, ಇಲ್ಲಿ ಮಾತ್ರ ಬೇಡ.

ಗೇಟಿನ ಮುಂದಿನ ಚರಂಡಿಯಲ್ಲಿ ಸ್ವಲ್ಪ ನೀರಿತ್ತು. ಎಮ್ಮೆ ಅದನ್ನು ನೋಡಿತು.

ಕೂತಿತು.

ಅರ್ಧ ಚರಂಡಿಯಲ್ಲಿ, ಅರ್ಧ ರಸ್ತೆಯಲ್ಲಿ. ತೆರೆದ ಗೇಟಿನೊಳಗೆ ಕೊಬ್ಬರಿ ರಾಶಿಯ ಪಕ್ಕ ಬಿಳಿ ಪಂಚೆ, ಹೆಗಲ ಮೇಲೆ ವಲ್ಲಿ, ನಮ್ಮಪ್ಪ! ಯಾರೊಂದಿಗೋ ಮಾತಾಡುತ್ತ, ಒಂದು ಕೊಬ್ಬರಿ ಗಿಟುಕನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತ ನಿಂತಿದ್ದರು. ನಾನು ಎಮ್ಮೆಯ ಹಿಂದೆ ಕುಕ್ಕರಿಸಿದೆ. ಎಮ್ಮೆ ಕೊಂಡಿದ್ದರಿಂದ ನನಗಾದ ಲಾಭ ಅದೊಂದೇ, ಮರೆಯಾಗಿ ಕೂರಲು ಒಳ್ಳೆಯ ಅಗಲವಾಗಿತ್ತು.

ಹಿಂದೆ ಚೀಲ ಹೇರಿದ ಲಾರಿಯೊಂದು ಬಂದು ಹಾರನ್ ಒತ್ತಿತು. ಅದರ ಹಿಂದೆ ಇನ್ನೊಂದು. ಜನ ಸೇರಿದರು. ಒಬ್ಬ ಕಿವಿ ಹಿಂಡು ಎಂದ, ಒಬ್ಬ ಮೂಗಿಗೆ ನೀರು ಹಾಕು ಎಂದ. ಎಮ್ಮೆ ಯಾರದು ಎಂದು ಲಾರಿಯವನು ಕಿರುಚಿದ. ಎಲ್ಲರೂ ಸುತ್ತ ನೋಡಿದರು. ನಾನೂ ಎದ್ದು ನಿಂತು ಸುತ್ತ ನೋಡಿದೆ. ನಂಜ ಮಾತ್ರ ನನ್ನನ್ನು ನೋಡಿದ. ಅಂಥ ಸ್ನೇಹಿತ!

ಅಷ್ಟರಲ್ಲಿ ದೇವರು ಕಣ್ಣು ಬಿಟ್ಟ. ಎಣ್ಣೆ ಮಿಲ್ಲಿನ ಕಡೆಯಿಂದ ಕೊಬ್ಬರಿ ಹಿಂಡಿ ತುಂಬಿದ ಎತ್ತಿನಗಾಡಿಯೊಂದು ಬಂತು. ಹಿಂಡಿಯ ವಾಸನೆ ಮೂಗಿಗೆ ಬಡಿದದ್ದೇ ಎಮ್ಮೆ ಸಟ್ಟನೆ ಎದ್ದು, ಚರಂಡಿಯ ನೀರನ್ನು ನಾಲ್ಕು ದಿಕ್ಕಿಗೂ ಕೊಡವಿ, ಗಾಡಿಯ ಹಿಂದೆ ಓಡತೊಡಗಿತು. ನಾನು ಹಗ್ಗದ ತುದಿಯಲ್ಲಿ ಗಾಳಿಪಟದ ಬಾಲದಂತೆ ಹೋದೆ. ಗೇಟಿನ ಕಡೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. ಗಾಡಿ ಸೀರೆ ಅಂಗಡಿಯ ಬೀದಿಗೇ ತಿರುಗಿತು. ಅಂಗಡಿಯ ಮುಂದಿನ ಕಂಬಕ್ಕೆ ಹಗ್ಗ ಸುತ್ತಿ ನಿಂತಾಗ ನನ್ನ ಅಂಗಿಯ ಬಣ್ಣ ಯಾವುದೆಂದು ಹೇಳುವಂತಿರಲಿಲ್ಲ.

ಶೆಟ್ಟರು ಸೀರೆ ಬಿಡಿಸಿ ತೋರಿಸಿದರು. ಅರಿಶಿನದ ಮೈ, ಕುಂಕುಮದ ಅಂಚು, ಸೆರಗಿನ ತುದಿಗೆ ಸಣ್ಣ ಸಣ್ಣ ಕುಚ್ಚು. ನಾನೂ ನಂಜನೂ ಕೆಸರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆವು. ಅಕ್ಕ ಇದನ್ನು ಹೆಗಲ ಮೇಲೆ ಹಾಕಿಕೊಂಡು ನೋಡಿ ಆರಿಸಿದ್ದಳು. ಆಮೇಲೆ ಶೆಟ್ಟರು ದುಡ್ಡು ಕೇಳಿದರು.

ದುಡ್ಡು ಎಮ್ಮೆಯ ರೂಪದಲ್ಲಿದೆ ಎಂದು ವಿನಯದಿಂದ ತಿಳಿಸಿದೆ. ಬೇಕಾದರೆ ಅದನ್ನು ಅಡವು ಇಟ್ಟುಕೊಳ್ಳಬಹುದು ಎಂದೂ ಹೇಳಿದೆ. ಶೆಟ್ಟರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು, ಕಂಬದ ಕಡೆ ನೋಡಿದರು.

"ನಾನು ಸೀರೆ ಮಾರೋನು ಕಣಪ್ಪ. ಅದು ನನ್ನ ಅಂಗಡೀಲಿ ಏನ್ ಉಟ್ಕೊಂತದೆ?"

ಅಷ್ಟರಲ್ಲಿ ಎಮ್ಮೆಯೇ ಉತ್ತರ ಕೊಡಲು ಬಂತು. ಹಗ್ಗ ಉದ್ದವಾಗಿತ್ತು. ಅದು ಮೆಟ್ಟಿಲ ಮೇಲೆ ಮುಂಗಾಲಿಟ್ಟು ಕತ್ತನ್ನು ಅಂಗಡಿಯ ಒಳಗೆ ಚಾಚಿತು. ಗೋಡೆಗೆ ತೂಗುಹಾಕಿದ್ದ ಸೀರೆಗಳನ್ನು ಒಂದೊಂದಾಗಿ, ನಿಧಾನವಾಗಿ, ಎಡದಿಂದ ಬಲಕ್ಕೆ ನೋಡಿತು. ಯಾವುದಕ್ಕೂ ಬೆಲೆ ಕೇಳಲಿಲ್ಲ. ಯಾವುದನ್ನೂ ಕೊಳ್ಳಲಿಲ್ಲ. ತಿಪಟೂರಿನಲ್ಲಿ ಅವತ್ತು ವಿಂಡೋ ಶಾಪಿಂಗನ್ನು ಲಕ್ಷಣವಾಗಿ ಮಾಡಿದ್ದು ಅದೊಂದೇ!

ನೋಡಿ ಮುಗಿಸಿ, ಬಿಡಿಸಿಟ್ಟಿದ್ದ ಧಾರೆ ಸೀರೆಯ ಕಡೆಗೆ ಮೂತಿ ತಂದಿತು. ಮೂತಿಯಿಂದ ಜೊಲ್ಲಿನ ಎಳೆಯೊಂದು ಇಳಿಯುತ್ತ ಇಳಿಯುತ್ತ ಕುಚ್ಚಿನ ಮೇಲೆ ತೂಗಾಡಿತು. ಅಡ್ಡ ಬಿದ್ದು ಎರಡೂ ಕೈ ಚಾಚಿದೆ. ಜೊಲ್ಲು ನನ್ನ ಅಂಗೈಗೆ ಬಿತ್ತು. ಶೆಟ್ಟರು ಸೀರೆಯನ್ನು ಎದೆಗೆ ಅವಚಿಕೊಂಡರು. ನಂಜ ಎಮ್ಮೆಯ ಕೊಂಬು ಹಿಡಿದು ನೇತಾಡಿದ. ಎಮ್ಮೆ ಕದಲಲಿಲ್ಲ.

ಸೀರೆಯನ್ನು ಉಳಿಸಿದವನೆಂದು ಶೆಟ್ಟರಿಗೆ ನನ್ನ ಮೇಲೆ ಸ್ವಲ್ಪ ಕರುಣೆ ಬಂತು. ಕರುಣೆ ಕಂಡರೆ ನಾನು ಬಿಡುವವನೇ? ಶುರು ಮಾಡಿದೆ. ಎಮ್ಮೆ ಕೊಳ್ಳಲು ಹೇಳಿದ್ದೇ ಅಪ್ಪ. ಮದುವೆ ಮನೆಗೆ ಹಾಲು ಮೊಸರು ಬೇಕಲ್ಲ. ಸೀರೆಯ ಬಾಕಿಯನ್ನು ನಾಳೆ ಅವರೇ ಬಂದು ಕೊಡುತ್ತಾರೆ. ಇವತ್ತು ಮಂಡಿಯಲ್ಲಿ ಪುರುಸೊತ್ತಿಲ್ಲ, ಶೆಟ್ಟರಿಗೆ ನಮಸ್ಕಾರ ಹೇಳು, ಸೀರೆ ಇಸ್ಕೊಂಡು ಬಾ ಎಂದಿದ್ದಾರೆ. ಹೇಳುತ್ತ ಹೇಳುತ್ತ ನನಗೇ ನಂಬಿಕೆ ಬಂದುಬಿಟ್ಟಿತು. ಶೆಟ್ಟರು ಹ್ಞೂಂಗುಟ್ಟುತ್ತ ಸೀರೆಯನ್ನು ಮಡಿಕೆ ಮಡಿಕೆಯಾಗಿ ಮಡಿಸಿದರು. ಪೇಪರಿನಲ್ಲಿ ಸುತ್ತಿದರು. ದಾರ ಎಳೆದರು. ಒಂದು ಗಂಟು. ಇನ್ನೊಂದು ಗಂಟು ಹಾಕಿದರೆ ಗಿರಿಜಕ್ಕನ ಮದುವೆ ನಡೆದಂತೆ.

"ನಮ್ಮಪ್ಪಂಗೆ ಎಮ್ಮೆ ಅಂದ್ರೆ ಪ್ರಾಣ ಶೆಟ್ರೆ" ಎಂದೆ, ಕೊನೆಯ ಗಂಟಿಗೆ ಬಲ ಬರಲೆಂದು.

ಶೆಟ್ಟರ ಕೈ ದಾರದ ಮೇಲೆ ನಿಂತಿತು. ಅವರ ಕಣ್ಣು ನನ್ನ ಹೆಗಲ ಮೇಲಿಂದ ಹಿಂದಕ್ಕೆ ಹೋಯಿತು. ನಂಜ ಕೊಂಬು ಬಿಟ್ಟ.

ನಾನು ತಿರುಗಲಿಲ್ಲ. ತಿರುಗಬೇಕಾಗಿಯೂ ಇರಲಿಲ್ಲ. ಬೆನ್ನಿಗೇ ಗೊತ್ತಾಯಿತು.

ಅಪ್ಪ ಒಳಗೆ ಬಂದರು. ಒಂದು ಕೈಯಿಂದ ಎಮ್ಮೆಯ ಮೂತಿಯನ್ನು ಪಕ್ಕಕ್ಕೆ ಸರಿಸಿದರು. ಅದು ಹಿಂದೆ ಹಿಂದೆ ನಡೆದು ಮೆಟ್ಟಿಲಿಳಿದು ನಿಂತಿತು. ನನ್ನ ಕೈಗೆ ಬಂದಾಗಿನಿಂದ ಅದು ಯಾರ ಮಾತನ್ನಾದರೂ ಕೇಳಿದ್ದು ಅದೇ ಮೊದಲು. ಅಪ್ಪ ಪಂಚೆಯ ಮಡಿಲಿಂದ ಕೊಬ್ಬರಿಯ ದುಡ್ಡು ತೆಗೆದು ಶೆಟ್ಟರ ಮುಂದಿಟ್ಟರು. ಶೆಟ್ಟರು ಎರಡನೆಯ ಗಂಟು ಹಾಕಿದರು. ನಾನು ಏಳೆಂಟು ಉತ್ತರ ತಯಾರು ಮಾಡಿಕೊಂಡಿದ್ದೆ, ಒಂದಕ್ಕೂ ಪ್ರಶ್ನೆ ಬರಲಿಲ್ಲ.

ಸೀರೆಯ ಕಟ್ಟನ್ನು ಅಪ್ಪ ನಂಜನ ಕೈಗೆ ಕೊಟ್ಟರು. ಎಮ್ಮೆಯ ಹಗ್ಗವನ್ನು ಕಂಬದಿಂದ ಬಿಚ್ಚಿ ನನ್ನ ಕೈಗೆ ಕೊಟ್ಟರು.

"ನೀನು ಇದರ ಜೊತೆ ಬಾ. ಅದು ಕೂತಾಗ ನೀನೂ ಕೂತ್ಕ."

ಅದು ಕೂರುತ್ತದೆ ಎಂದು ನಾನಂತೂ ಹೇಳಿರಲಿಲ್ಲ. ಹಾಗಾದರೆ ಮಂಡಿಯ ಗೇಟಿನಿಂದ ಅಪ್ಪ ಎಲ್ಲವನ್ನೂ ನೋಡಿದ್ದರು.

ಐದು ಗಂಟೆಯ ಬಸ್ಸು ಊರಾಚೆಯ ರಸ್ತೆಯಲ್ಲಿ ನನ್ನನ್ನು ದಾಟಿ ಹೋಯಿತು. ಅಪ್ಪ ಒಂದು ಸೀಟಿನಲ್ಲಿ, ನಂಜ ಒಂದು ಸೀಟಿನಲ್ಲಿ, ಅವನ ತೊಡೆಯ ಮೇಲೆ ಮಡಿಕೆ ಮುರಿಯದ ಸೀರೆ. ಕಂಡಕ್ಟರ್ ನನ್ನನ್ನು ಗುರುತು ಹಿಡಿದು, ಬಾಗಿಲಲ್ಲಿ ಬಗ್ಗಿ, "ಎಕ್ಸ್‌ಕ್ಯೂಸ್ ಮಿ" ಎಂದು ಕೈ ಬೀಸಿದ. ಬಸ್ಸಿನವರೆಲ್ಲ ಈ ಕಡೆ ತಿರುಗಿದರು. ನಾನು ಇಂಗ್ಲಿಷಿನಲ್ಲಿ ಏನಾದರೂ ಹೇಳೋಣವೆಂದು ಬಾಯಿ ತೆರೆದೆ.

ಎಮ್ಮೆ ಕೂತಿತು.

ನಾನೂ ಕೂತೆ.